ಹುರುಳಿ ಹಾಸಿದ ರಸ್ತೆ

ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿದೆ, ಹಾಲು ಕಾಯಿಸಿದೆ, ನಾಲ್ಕು ಜನಕ್ಕಾಗುವಷ್ಟು ಚಿತ್ರಾನ್ನ ಕಲಸಿ ಡಬ್ಬಿಗೆ ತುಂಬಿದೆ, ಗ್ಯಾಸ್ ಆಫ್ ಆಗಿದೆಯೇ ಎಂದು ಮೂರು ಸಲ ನೋಡಿದೆ, ಕಾರಿನ ಸ್ಟೆಪ್ನಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಸ್ಟೆಪ್ನಿ ಒತ್ತಿದರೆ ಏನು ತಿಳಿಯುತ್ತದೋ ನನಗೆ ಈವತ್ತಿಗೂ ಗೊತ್ತಿಲ್ಲ. ಒತ್ತಿದರೆ ಒಂದು ಸಮಾಧಾನ, ಅಷ್ಟೇ. ಆಮೇಲೆ ಹೊರಗೆ ಬಂದು, ಎದುರು ಬೀದಿಯ ನೀರಿನ ಟ್ಯಾಂಕು ಕಾಣಿಸುವುದನ್ನೇ ಕಾಯುತ್ತಾ ನಿಂತೆ.

ರಸ್ತೆಯ ವಿಚಾರದಲ್ಲಿ ನಾನು ಪುಕ್ಕಲಿ ಎಂದು ಒಪ್ಪಿಕೊಂಡುಬಿಡುತ್ತೇನೆ. ಡಿಸೆಂಬರ್ ಬಂತೆಂದರೆ ನಮ್ಮ ಹುಣಸೂರಿನಲ್ಲಿ ಮಂಜು ಯಾವ ಪರಿ ಇಳಿಯುತ್ತದೆ ಎಂದರೆ, ಪಕ್ಕದ ಮನೆಯವರು ರಂಗೋಲಿ ಹಾಕುವ ಸದ್ದು ಕೇಳುತ್ತದೆ, ಅವರು ಕಾಣುವುದಿಲ್ಲ. ಟ್ಯಾಂಕು ಕಾಣುವ ತನಕ ನಮ್ಮ ಕಾರು ಹೊರಡಕೂಡದು, ಕತ್ತಲಾದ ಮೇಲೆ ಓಡಕೂಡದು, ನಲವತ್ತು ದಾಟಕೂಡದು. ಹೈಸ್ಕೂಲು ಮೇಷ್ಟರಾದ ನಮ್ಮ ಮನೆಯವರು ಇದನ್ನೆಲ್ಲ ಯಾವ ತಕರಾರೂ ಇಲ್ಲದೆ ಪಾಲಿಸುತ್ತಾರೆ. ಒಂದು ಸಲ ಹನಗೋಡಿನ ಹತ್ತಿರ ಸೌದೆ ತುಂಬಿದ ಟ್ರ್ಯಾಕ್ಟರೊಂದು ನಮ್ಮನ್ನು ಹಿಂದೆ ಹಾಕಿತು. ಸೌದೆಯ ಮೇಲೆ ಕುಳಿತಿದ್ದ ಹೆಂಗಸರು ನಮಗೆ ಟಾಟಾ ಮಾಡಿದರು. ಇವರೂ ಮರ್ಯಾದೆಯಾಗಿ ಟಾಟಾ ಮಾಡಿದರು.

ಈ ಸಲದ ಕ್ರಿಸ್‌ಮಸ್ ರಜೆಗೆ ನಾವು ಹಾಕಿಕೊಂಡಿದ್ದ ಯೋಜನೆ ಇಷ್ಟು: ಕೋಟೆ ರಸ್ತೆಯ ಹಳ್ಳಿಯಲ್ಲಿರುವ ನನ್ನ ತಂಗಿ ಮಾದೇವಿಯನ್ನೂ ಅವಳ ಗಂಡ ಶಿವಣ್ಣನನ್ನೂ ಹತ್ತಿಸಿಕೊಂಡು ಕಬಿನಿ ಹಿನ್ನೀರು ನೋಡಿ ಬರುವುದು. ಅವಳ ಊರು ಇನ್ನೇನು ಬಂತು ಎನ್ನುವಾಗ, ತಿರುವು ದಾಟಿದ ಕೂಡಲೇ ರಸ್ತೆಯ ತುಂಬ ಕಿತ್ತ ಹುರುಳಿ ಗಿಡ ಹಾಸಿತ್ತು. ಬಸ್ಸು ಲಾರಿಗಳ ಚಕ್ರಕ್ಕೆ ಸಿಕ್ಕಿ ಕಾಳು ಉದುರಲಿ ಎಂದು ನಮ್ಮ ಕಡೆ ಹೀಗೆ ಹಾಸುತ್ತಾರೆ. ನನಗೆ ಮೈಯೆಲ್ಲ ಉರಿಯಿತು. ಗಾಡಿ ನಿಲ್ಲಿಸಲು ಹೇಳಿ, ಇಳಿದು, ಸೆರಗು ಸಿಕ್ಕಿಸಿ ಕೇಳಿದೆ: "ಯಾರ್ರೀ ಇದನ್ನ ಹಾಸಿರೋದು? ರಸ್ತೆ ಏನು ನಿಮ್ಮಪ್ಪನ ಮನೇದಾ?"

ಗಿಡದ ರಾಶಿಯ ಆಚೆಯಿಂದ, ತಲೆಗೆ ಟವಲು ಸುತ್ತಿಕೊಂಡು ಕವೆಗೋಲು ಹಿಡಿದ ಹೆಂಗಸೊಬ್ಬಳು ಎದ್ದು ನಿಂತಳು.

"ನಾನೇ ಕಣಕ್ಕ ಆಸಿರೋದು. ನಮ್ಮಪ್ಪನೂ ನಿಮ್ಮಪ್ಪನೂ ಒಬ್ರೇ ಅಲ್ವಾ," ಎಂದಳು ಮಾದೇವಿ. "ಬಾವ, ನಿಂತ್ಕೋಬ್ಯಾಡಿ. ಅದರ್ ಮೇಲೇ ಓಡಿಸ್ಕಂಡ್ ಬನ್ನಿ, ಒಂದ್ ಸುತ್ತು ಒಕ್ಕದಂಗಾಯ್ತದೆ."

ಬಾವ ಅಲುಗಾಡಲಿಲ್ಲ. ನಾನು ಮಾತ್ರ ಶುರುಮಾಡಿದೆ. ರಜೆ ದಿನ, ಗೊತ್ತಿಲ್ಲದ ಊರಿನವರೆಲ್ಲ ಈ ರಸ್ತೆಗೆ ಬರುತ್ತಾರೆ, ತಿರುವಿನಾಚೆ ಏನಿದೆ ಎಂದು ಅವರಿಗೆ ತಿಳಿಯುವುದಿಲ್ಲ, ಬೈಕಿನವರು ಜಾರಿದರೆ ಗತಿಯೇನು, ಹುಲ್ಲು ಕಾರಿನಡಿ ಸಿಕ್ಕಿ ಹೊತ್ತಿಕೊಂಡರೆ ಏನು ಮಾಡುತ್ತೀಯ, ಮನೆ ಹಿಂದೆ ಕಣ ಇದೆಯಲ್ಲ.

"ಕಣದಾಗೆ ಒಕ್ಕೋಕೆ ಎತ್ತೆಲ್ಲವೆ? ಮಾರ್ಬುಟ್ಟಾಯ್ತು. ಬಸ್ಸಾದ್ರೆ ಅದರ ಪಾಡಿಗೆ ಅದು ಓಡಾಡ್ತದೆ. ವರ್ಸಾ ವರ್ಸಾ ಐದ್ ಸೇರು ತಕ್ಕಂಡೋಯ್ತೀಯಲ್ಲಕ್ಕ, ಅವಾಗ ಎಲ್ಲಿ ಒಕ್ಕಿದ್ದು ಅಂತ ಕೇಳಿದ್ದಾ?"

ಕೇಳಿರಲಿಲ್ಲ. ಕೇಳುವುದಿರಲಿ, ಆ ಹುರುಳಿಯನ್ನು ಬೀದಿಯವರಿಗೆಲ್ಲ ತೋರಿಸಿ, ಅಂಗಡಿಯದಲ್ಲ, ನನ್ನ ತಂಗಿಯ ಕಣದ್ದು, ನೋಡಿ ಹೇಗೆ ಹೊಳೆಯುತ್ತದೆ ಎಂದು ಹೊಗಳಿಕೊಂಡಿದ್ದೆ. ಇನ್ನೂ ಏನೋ ಹೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ತಿರುವಿನಿಂದ ಸ್ಕೂಟರೊಂದು ಬಂತು. ಗಂಡ ಹೆಂಡತಿ, ಮಧ್ಯದಲ್ಲಿ ಬ್ಯಾಗು. ಹುಲ್ಲಿನ ಮೇಲೆ ಹತ್ತಿದ್ದೇ ತಡ, ಸ್ಕೂಟರು ಸದ್ದಿಲ್ಲದೆ ಮಲಗಿಕೊಂಡಿತು. ಅದರ ಹಿಂದೆಯೇ ಬಸ್ಸು. ಡ್ರೈವರ್ ಬ್ರೇಕ್ ಹಾಕಿದ ಸದ್ದಿಗೆ ನಾನು ಕಣ್ಣು ಮುಚ್ಚಿಕೊಂಡುಬಿಟ್ಟೆ. ಕಣ್ಣು ಬಿಟ್ಟಾಗ ಬಸ್ಸು ಸ್ಕೂಟರಿನಿಂದ ಬಿದ್ದ ಹೆಂಗಸಿನ ಕಾಲಿನಿಂದ ಎರಡು ಮಾರು ದೂರದಲ್ಲಿ ನಿಂತಿತ್ತು.

ಎಲ್ಲರಿಗಿಂತ ಮೊದಲು ಓಡಿದವಳು ಮಾದೇವಿ. ಆ ಹೆಂಗಸಿನ ಮೊಣಕೈ ತರಚಿತ್ತು, ಅಷ್ಟೇ. "ಏನೂ ಆಗಿಲ್ಲ ಬುಡ್ರೀ," ಎಂದು ಆಕೆಯೇ ಇವಳಿಗೆ ಸಮಾಧಾನ ಹೇಳಿದಳು. ಮಾದೇವಿ ಅವರನ್ನು ರಸ್ತೆ ಬದಿಯ ತನ್ನ ಮನೆಗೆ ಕರೆದೊಯ್ದು ಅರಿಶಿನ ಹಚ್ಚಿದಳು, ಕಾಫಿ ಕೊಟ್ಟಳು, ಅವರು ಹೊರಟಾಗ ಒಂದು ಹೂಕೋಸನ್ನೂ ಬ್ಯಾಗಿಗೆ ತುರುಕಿದಳು. 'ನಾನು ಹೇಳಿರಲಿಲ್ಲವೇ' ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಮಾದೇವಿ ತೊಳೆದ ಲೋಟವನ್ನೇ ಮತ್ತೆ ಮತ್ತೆ ತೊಳೆಯುವುದನ್ನು ನೋಡಿ ನುಂಗಿಕೊಂಡೆ. ನನ್ನ ಜನ್ಮದಲ್ಲಿ ಅಂಥ ಮಾತು ನುಂಗಿದ್ದು ಅದೇ ಮೊದಲಿರಬೇಕು.

ಆಮೇಲೆ ಅವಳು ಕವೆಗೋಲು ತೆಗೆದುಕೊಂಡು ಗಿಡವನ್ನೆಲ್ಲ ರಸ್ತೆಯಿಂದ ಎಳೆಯತೊಡಗಿದಳು. ಗದ್ದಲ ಕೇಳಿ ಬಂದ ಶಿವಣ್ಣನೂ ಕೈಹಾಕಿದ. ಕಣದ ಕಳೆ ಕೆತ್ತಿ, ಗುಡಿಸಿ, ಗಿಡ ಹರಡಿಯೂ ಆಯಿತು. ಆದರೆ ತುಳಿಸುವುದು ಯಾವುದರಲ್ಲಿ? ಆಗ ನಮ್ಮ ಮನೆಯವರು ಕಾರಿನ ಮ್ಯಾಟುಗಳನ್ನು ತೆಗೆದು ಜಗಲಿಯ ಮೇಲಿಟ್ಟು, "ನಮ್ಮ ಗಾಡಿ ಇದೆಯಲ್ಲ," ಎಂದರು. ಆ ಕಾರಿನ ಮೇಲೆ ಹಕ್ಕಿ ಹಿಕ್ಕೆ ಹಾಕಿದರೆ ಹತ್ತಿಯಲ್ಲಿ ಒರೆಸುವ ಮನುಷ್ಯ.

ಮಧ್ಯಾಹ್ನವೆಲ್ಲ ಅವರು ಕಣದಲ್ಲಿ ಸುತ್ತು ಹೊಡೆದರು. ನಾಲ್ಕು ಸುತ್ತಿಗೊಮ್ಮೆ ಇಂಜಿನ್ ಆರಿಸಿ, ಬಗ್ಗಿ, ಅಡಿಯಲ್ಲಿ ಸಿಕ್ಕಿದ ಹುಲ್ಲು ಕೀಳುವುದು. ನಾನು ಕಣದ ಅಂಚಿನಲ್ಲಿ ಒಂದು ಬಕೆಟ್ ನೀರಿಟ್ಟುಕೊಂಡು ಕುಳಿತು, ಎಡಕ್ಕೆ, ಬಲಕ್ಕೆ, ನಿಧಾನ ಎಂದು ಹೇಳುತ್ತಿದ್ದೆ.

"ಅಣ್ಣ, ನಿಮ್ ಸ್ಪೀಡಿಗೆ ನಮ್ಮೆತ್ತೇ ವಾಸಿ ಕಣ್ರೀ," ಎಂದ ಶಿವಣ್ಣ.

"ಎತ್ತಿನ ಪಕ್ಕದಲ್ಲಿ ನಿಮ್ಮತ್ತಿಗೆ ಕೂತಿರಲಿಲ್ಲವಲ್ಲಪ್ಪ," ಎಂದರು ಇವರು.

ಮಾದೇವಿ ನಕ್ಕಳು. ಬೆಳಿಗ್ಗೆಯಿಂದ ಅವಳು ನಕ್ಕಿದ್ದು ಆಗಲೇ. ನನಗೆ ಹಿನ್ನೀರು ನೋಡಿದಷ್ಟೇ ಸಂತೋಷವಾಯಿತು.

ಹಿನ್ನೀರು ಹಾಗೇ ಉಳಿಯಿತು. ಕತ್ತಲಾಯಿತು, ನಮ್ಮ ನಿಯಮದ ಪ್ರಕಾರ ಅಲ್ಲೇ ಉಳಿದೆವು. ರಾತ್ರಿಗೆ ಬಿಸಿ ಮುದ್ದೆ, ಹೊಸ ಹುರುಳಿಯ ಸಾರು, ಮೇಲೊಂದು ಹಸಿ ಈರುಳ್ಳಿ. ನಾನು ಎರಡು ಮುದ್ದೆ ಉಂಡೆ. ಊಟವಾದ ಮೇಲೆ ಶಿವಣ್ಣ ಕಾಳಿನ ಮೇಲೆ ಟಾರ್ಪಾಲು ಹೊದಿಸಲು ಹೋದ, ಮಾದೇವಿ ಪಾತ್ರೆಗೆ ಕುಳಿತಳು, ಇವರು ಟಾರ್ಚ್ ಹಿಡಿದು ಕಾರಿನಡಿಯ ಹುಲ್ಲು ಕೀಳುತ್ತಿದ್ದರಂತೆ. ಇದೆಲ್ಲ ಅವರು ಮಾರನೆಯ ಬೆಳಿಗ್ಗೆ ಹೇಳಿದ್ದು. ದಿನವಿಡೀ ಬರೀ ಮಾತಾಡಿ ದಣಿದಿದ್ದವಳು ನಾನೊಬ್ಬಳೇ ನೋಡಿ, ಎಲ್ಲರಿಗಿಂತ ಮೊದಲು ಮಲಗಿಬಿಟ್ಟಿದ್ದೆ.