ಮೂರು ಕಿಟಕಿಗೆ ಒಂದೇ ಸೌಟು

ಕಂಪ್ಯೂಟರ್ ವಿಷಯದಲ್ಲಿ ನನಗೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ ಎಂದು ನಾನು ಬಲವಾಗಿ ನಂಬಿದ್ದೆ. ಆ ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆಯವರೆಗೂ ನಂಬಿದ್ದೆ!

ನಾನು ನಂಜನಗೂಡಿನಲ್ಲಿ ಬೀಜ-ಗೊಬ್ಬರ ಮಾರುವ ಒಂದು ಸಹಕಾರ ಸಂಘದ ಗುಮಾಸ್ತ. ನನ್ನ ಹೆಂಡತಿ ಶಾರದೆ ಅದೇ ಸಂಘದ ಟಿ. ನರಸೀಪುರದ ಶಾಖೆ ನೋಡಿಕೊಳ್ಳುತ್ತಾಳೆ. ಬನ್ನೂರಿನಲ್ಲಿ ಇನ್ನೊಂದು ಶಾಖೆ. ಮೂರರ ಲೆಕ್ಕವೂ ಇರುವುದು ಮೈಸೂರಿನ ಒಂದು ಮುದಿ ಕಂಪ್ಯೂಟರಿನಲ್ಲಿ. ಕಪ್ಪು ಪರದೆ, ಹಸಿರು ಅಕ್ಷರ, ಮೌಸ್ ಕಂಡರಾಗದು. ಒಂದು ಒತ್ತಿದರೆ ದಾಸ್ತಾನು ತೋರಿಸುತ್ತದೆ. ಒಂಬತ್ತು ಒತ್ತಿದರೆ ದಿನದ ಲೆಕ್ಕ ಮುಚ್ಚುತ್ತದೆ. ಆಮೇಲೆ ಆ ಶಾಖೆಯಲ್ಲಿ ಒಂದು ರಸೀದಿಯೂ ಹೊರಡದು. ದಿನಾ ಸಂಜೆ ಮೂರೂ ಶಾಖೆಗಳ ಲೆಕ್ಕ ಮುಚ್ಚುವ ಘನಕಾರ್ಯ ನನ್ನದು.

ಇದಕ್ಕೆಂದೇ ಹೊಸ ಸಾಫ್ಟ್‌ವೇರ್ ಬಂದಿತ್ತು. ನನ್ನ ಮೇಜಿನ ಮೇಲೆಯೇ ಮೂರು ಶಾಖೆಗೂ ಮೂರು ಕಿಟಕಿ ತೆರೆದುಕೊಳ್ಳುತ್ತವೆ. ಕಿಟಕಿಗೆ ನಮಗೆ ಬೇಕಾದ ಹೆಸರಿಡಬಹುದು. ಊರಿನ ಖ್ಯಾತಿಗೆ ತಕ್ಕಂತೆ ನಂಜನಗೂಡಿಗೆ 'ರಸಬಾಳೆ', ಬನ್ನೂರಿಗೆ 'ಕುರಿ', ನರಸೀಪುರಕ್ಕೆ 'ಮನೆಯವರು' ಎಂದು ನಾಮಕರಣ ಮಾಡಿದೆ.

ಅವತ್ತು ನಿಜವಾದ ನಾಮಕರಣವೂ ಇತ್ತು. ಕಳಲೆಯಲ್ಲಿ ನನ್ನ ಭಾವಮೈದನ ಮಗುವಿಗೆ ಸಂಜೆ ತೊಟ್ಟಿಲು ಶಾಸ್ತ್ರ. ಅವರ ಮನೆಯ ಪದ್ಧತಿಯಂತೆ ಸೋದರತ್ತೆಯೇ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕು, ಹೇಳಿದ ಕೂಡಲೇ ಸುತ್ತ ನಿಂತವರೆಲ್ಲ ಅವಳ ಬೆನ್ನಿಗೆ ಗುದ್ದಬೇಕು. ಆ ಸೋದರತ್ತೆ ನಮ್ಮ ಶಾರದೆ. ಇರುವ ಒಬ್ಬ ತಮ್ಮನಿಗೆ ಬಹಳ ವರ್ಷದ ಮೇಲೆ ಹುಟ್ಟಿದ ಕೂಸು. ಹೊಸ ಸೀರೆಯನ್ನು ಬ್ಯಾಗಿನಲ್ಲಿಟ್ಟುಕೊಂಡೇ ಕೆಲಸಕ್ಕೆ ಹೋಗಿದ್ದಳು. ಬೆಳಿಗ್ಗೆ ಹೊರಡುವಾಗಲೇ ಕೇಳಿದ್ದಳು:

"ರೀ, ಮೂರು ಗಂಟೆ ಬಸ್ಸು ತಪ್ಪಿದ್ರೆ ಮುಹೂರ್ತ ತಪ್ಪಿತು ಅಂತಲೇ ಲೆಕ್ಕ. ನನ್ನ ಶಾಖೆ ಲೆಕ್ಕ ಬೇಗ ಮುಚ್ಚಿಕೊಡ್ತೀರಾ?"

"ಮುಚ್ಚಿಕೊಡೋದೇನು, ಕಣ್ಣು ಮಿಟುಕಿಸೋದ್ರಲ್ಲಿ ಮುಗಿಸ್ತೀನಿ ಕಣೇ!"

ಈ ಮಾತು ಉಳಿಸಿಕೊಳ್ಳಲು ಹುಡುಕುತ್ತಿದ್ದಾಗ ಒಂದು ಗುಂಡಿ ಕಂಡಿತು. ಅದನ್ನು ಒತ್ತಿದರೆ ಒಂದು ಕಿಟಕಿಯಲ್ಲಿ ಬಡಿದದ್ದು ಎಲ್ಲ ಕಿಟಕಿಗೂ ಹೋಗುತ್ತದೆ! ನಾನು ಅಡುಗೆಯವರ ಮನೆಯಲ್ಲಿ ಹುಟ್ಟಿದವನು. ಪಂಕ್ತಿಭೇದ ಮಹಾಪಾಪ, ಒಂದೆಲೆಗೆ ಬಡಿಸಿದ್ದು ಎಲ್ಲ ಎಲೆಗೂ ಬೀಳಬೇಕು ಎಂದು ಹೇಳಿಕೊಟ್ಟೇ ನಮ್ಮಪ್ಪ ನನ್ನ ಕೈಗೆ ಸೌಟು ಕೊಟ್ಟಿದ್ದರು. ಗುಂಡಿ ಒತ್ತಿದೆ. ಒಂದು ಬಡಿದೆ. ಮೂರೂ ಕಿಟಕಿಯಲ್ಲಿ ದಾಸ್ತಾನು! ಆಹಾ! ಗುಂಡಿಗೆ ಮನಸ್ಸಿನಲ್ಲೇ ಕೈಮುಗಿದು ಕಾಫಿಗೆ ಹೋದೆ.

ಹಿಂತಿರುಗಿ ನೋಡಿದರೆ ನಂಜನಗೂಡಿನ ಶನಿವಾರದ ಲೆಕ್ಕ ಮುಚ್ಚದೆ ಉಳಿದಿತ್ತು. ರಸಬಾಳೆಯಲ್ಲಿ ಒಂಬತ್ತು ಬಡಿದೆ. ಖಚಿತವೇ ಎಂದು ಕೇಳಿತು. ಖಚಿತ ಎಂದೆ.

ಮೂರೂ ಕಿಟಕಿಯ ಹಸಿರು ಅಕ್ಷರ ಒಟ್ಟಿಗೆ ಮಾಯವಾದವು, ಮೂರೂ ಶಾಖೆಯ ಲೆಕ್ಕ ಮುಚ್ಚಿ ನನ್ನನ್ನು ಹೊರಗೆ ಹಾಕಿತ್ತು. ಗುಂಡಿ ಆರಿಸಿರಲಿಲ್ಲ!

ಫೋನ್ ಬಂತು. "ರೀ, ಏನ್ ಮಾಡಿದ್ರಿ? ಇಲ್ಲಿ ಭತ್ತದ ಬೀಜಕ್ಕೆ ಸಾಲು ಬಾಗಿಲಾಚೆ ಹೋಗಿದೆ, ಇದು ನೋಡಿದ್ರೆ ಇವತ್ತಿನ ವ್ಯಾಪಾರ ಮುಗೀತು ಅಂತಿದೆ!"

ಹಿಂದಿನಿಂದ, ಸೋಮವಾರ ನೇಗಿಲು ಕಟ್ಟದ ಯಾರೋ ರೈತರ ದನಿ ಕೇಳಿಸಿತು. "ಸ್ವಾಮಾರ ಎತ್ಗೆ ರಜ ಕೊಡ್ತೀವಿ ಸರಿ, ಕಂಪ್ಯೂಟ್ರುಗೂ ರಜ ಕೊಟ್ಬುಟ್ರೇನಕ್ಕ?"

"ಒಂದು ನಿಮಿಷ," ಎಂದೆ. ಮತ್ತೆ ಒಳಗೆ ಹೋಗಿ ಮೈಸೂರಿಗೆ ಮನವಿ ಕಳಿಸಿದರೆ ಮುಚ್ಚಿದ ಲೆಕ್ಕ ತೆರೆಯುತ್ತಾರೆ. ಒಳಗೆ ಹೋಗಲು ಒಂದೊಂದು ಶಾಖೆಗೆ ಒಂದೊಂದು ಪಾಸ್‌ವರ್ಡ್. ಮೊದಲು ನಂಜನಗೂಡಿನದು ಹೊಡೆದೆ, ತೆರೆಯಿತು. ಆಮೇಲೆ ಬನ್ನೂರಿನದು, ತೆರೆಯಿತು. ಪಂಕ್ತಿಯಲ್ಲಿ ಮನೆಯವರು ಕೊನೆಗೆ ಉಣ್ಣಬೇಕಲ್ಲವೇ, ಹೆಂಡತಿಯದನ್ನು ಕೊನೆಗಿಟ್ಟಿದ್ದೆ. ಗಾಬರಿಯಲ್ಲಿ ಒಂದಕ್ಷರ ತಪ್ಪಿತು.

ಒಂದೇ ತಪ್ಪು ತಾನೇ ಅಂದುಕೊಂಡೆ. ಆದರೆ ಅವಸರದಲ್ಲಿ ಆ ಪಾಪಿ ಗುಂಡಿಯನ್ನು ಈಗಲೂ ಆರಿಸಿರಲಿಲ್ಲ! ನಂಜನಗೂಡಿನ ಪಾಸ್‌ವರ್ಡೂ ಬನ್ನೂರಿನ ಪಾಸ್‌ವರ್ಡೂ ಆಗಲೇ 'ಮನೆಯವರು' ಕಿಟಕಿಗೂ ಬಿದ್ದಿದ್ದವು. ಮೂರು ಸಲ ತಪ್ಪಿದರೆ ಬೀಗ. ಬಿತ್ತು ಬೀಗ, ಅವಳೊಬ್ಬಳ ಶಾಖೆಗೆ!

ಮೈಸೂರಿಗೆ ಫೋನ್ ಮಾಡಿದೆ. ಬೀಗ ತೆಗೆಯುವ ಸಾಹೇಬರು ಮೀಟಿಂಗ್‌ನಲ್ಲಿದ್ದರು, ಆಮೇಲೆ ಊಟದಲ್ಲಿದ್ದರು. ಶಾರದೆಗೆ ನಡೆದದ್ದೆಲ್ಲ ಹೇಳಿ, ಪಂಕ್ತಿಭೇದದ ತತ್ತ್ವವನ್ನೂ ವಿವರಿಸಿದೆ.

"ಸಕ್ಕರೆ ಕಾಯಿಲೆಯವರ ಎಲೆಗೂ ಜಿಲೇಬಿ ಬಡಿಸ್ತೀರೇನ್ರೀ?" ಎಂದು ಫೋನ್ ಇಟ್ಟಳು.

ಪಾಪ, ಬಂದವರಿಗೆಲ್ಲ ಕೈಯಲ್ಲೇ ರಸೀದಿ ಬರೆದುಕೊಟ್ಟು, ಬೀಗ ತೆಗೆದ ಮೇಲೆ ಅಷ್ಟನ್ನೂ ಮತ್ತೆ ಕಂಪ್ಯೂಟರಿಗೆ ಹತ್ತಿಸಿದಳು. ಮೂರು ಗಂಟೆಯ ಬಸ್ಸು ಹೋಯಿತು. ನಾನು ಸ್ಕೂಟರ್ ಹತ್ತಿ ನರಸೀಪುರಕ್ಕೆ ಓಡಿದೆ. ಅವಳು ಹೊಸ ಸೀರೆ ಉಟ್ಟು, ಕಣ್ಣು ಕೆಂಪಗೆ ಮಾಡಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅವಳನ್ನು ಹಿಂದೆ ಕೂರಿಸಿಕೊಂಡು ಕಳಲೆಗೆ ಹೊರಟೆ. ಕಪಿಲೆಯ ಸೇತುವೆ ಬಂದಾಗ ಬೆನ್ನ ಹಿಂದೆ ಏನೋ ಅಲುಗಿತು. ಅಳುತ್ತಿದ್ದಾಳೆ ಎಂದು ಹೆದರಿ ಸ್ಕೂಟರ್ ನಿಧಾನ ಮಾಡಿದೆ. ನಗುತ್ತಿದ್ದಳು!

"ಬನ್ನೂರಿಗೆ ಕುರಿ ಅಂತ ಹೆಸರಿಟ್ಟಿದ್ರಲ್ಲ," ಎಂದಳು. "ಅದನ್ನ ನಿಮಗಿಟ್ಟುಕೊಳ್ಳಬೇಕಿತ್ತು ಕಣ್ರೀ. ನಿಲ್ಲಿಸಬೇಡಿ, ಜೋರಾಗಿ ಹೋಗಿ!"

ಕಳಲೆ ಮುಟ್ಟಿದಾಗ ಪುರೋಹಿತರು ಗಡಿಯಾರ ನೋಡಿಕೊಂಡು ಕೂತಿದ್ದರು. ಹೆಸರಿಲ್ಲದ ಕೂಸು ತೊಟ್ಟಿಲಲ್ಲಿ ಬಾಯಿಗೆ ಬೆರಳಿಟ್ಟುಕೊಂಡು ಕಾಯುತ್ತಿತ್ತು. ಶಾರದೆ ಬಗ್ಗಿ ಅದರ ಕಿವಿಯಲ್ಲಿ ಹೆಸರು ಹೇಳಿದಳು. ಮುಹೂರ್ತ ಇನ್ನೂ ಮೀರಿರಲಿಲ್ಲ. ನನ್ನ ಹೋದ ಜೀವ ಬಂತು.

ಎಲ್ಲರೂ ಅವಳ ಬೆನ್ನಿಗೆ ಗುದ್ದಲು ಕೈ ಎತ್ತಿದರು.

"ನಿಲ್ಲಿ!" ಎಂದಳು. "ಇವತ್ತಿನ ಗುದ್ದು ನಂದಲ್ಲ." ನನ್ನ ತೋಳು ಹಿಡಿದು ಎಳೆದು ತಂದು ಎಲ್ಲರ ನಡುವೆ ಬಗ್ಗಿಸಿದಳು. "ಇವರಿಗೆ ಹಾಕಿ. ಯಾರೂ ಪಂಕ್ತಿಭೇದ ಮಾಡ್ಬೇಡಿ!"

ಯಾರೂ ಮಾಡಲಿಲ್ಲ. ಭಾವಮೈದ ಹಾಕಿದ, ಅವನ ಹೆಂಡತಿ ಹಾಕಿದಳು, ಪುರೋಹಿತರೂ ಶಾಸ್ತ್ರಕ್ಕೊಂದು ಹಾಕಿದರು. ಎಂದೂ ನನ್ನೆದುರು ತಲೆಯೆತ್ತಿ ಮಾತಾಡದ ನನ್ನ ಅತ್ತೆಯವರು, "ಅಳಿಯಂದಿರು ಬೇಜಾರು ಮಾಡ್ಕೋಬಾರದು" ಎಂದು ಕ್ಷಮೆ ಕೇಳಿ ಒಂದು ಕೊಟ್ಟರು. ಎಲ್ಲದಕ್ಕಿಂತ ಜೋರಾಗಿ ಬಿದ್ದದ್ದು ಅದೇ!