ಮಾವನ ಕೋಳಿಮನೆಯ ಸ್ಲ್ಯಾಬು

ಹೈದರಾಬಾದಿನ ಅರ್ಧವನ್ನು ನನ್ನ ಸೋದರಮಾವ ಒಬ್ಬರೇ ಕಟ್ಟಿದ್ದಾರೆ. ಉಳಿದರ್ಧ ಸ್ವಲ್ಪ ವಾಲಿದಂತೆ ಕಂಡರೆ, ಅದನ್ನು ಬೇರೆಯವರಿಂದ ಕಟ್ಟಿಸಿದ್ದೇ ಕಾರಣ. ಇದು ನನ್ನ ಮಾತಲ್ಲ, ಅವರದೇ. ಬೇಕಿದ್ದರೆ ಮೆಟ್ರೊದಲ್ಲಿ ಅವರ ಪಕ್ಕ ಕುಳಿತು ಮಿಯಾಪುರದವರೆಗೆ ಹೋಗಿ ನೋಡಿ. "ಇದರ ಮೂರನೇ ಸ್ಲ್ಯಾಬ್ ನಂದು. ಅದರ ಬಾಲ್ಕನಿ ನಂದಲ್ಲ, ಅದಕ್ಕ ಸೋರತೈತಿ" ಎಂದು ಕಟ್ಟಡಗಳ ವಂಶಾವಳಿಯನ್ನೇ ಬಿಚ್ಚುತ್ತಾರೆ. ಯಾದಗಿರಿ ಕಡೆಯಿಂದ ಬಂದು ನಲವತ್ತು ವರ್ಷ ಮೇಸ್ತ್ರಿಗಿರಿ ಮಾಡಿದ ಮನುಷ್ಯ. ಈಗ ಮಿಯಾಪುರದಾಚೆ ಅರವತ್ತು ಗಜದ ಜಾಗದಲ್ಲಿ ಎರಡು ಕೋಣೆ ಹಾಕಿಕೊಂಡು, ಸುಮ್ಮನೆ ಕುಳಿತಿದ್ದಾರೆ ಎಂದು ನಾವೆಲ್ಲ ನಂಬಿದ್ದೆವು.

ಅತ್ತೆ ಕೇಳಿದ್ದು ಒಂದು ಕೋಳಿಗೂಡು. ಹಿತ್ತಲಲ್ಲಿ ಮೂರು ಜವಾರಿ ಕೋಳಿ ಸಾಕಿದ್ದರು. ಹಿಂದಿನ ಸಲ ಹುಟ್ಟಿದ ಮರಿಗಳನ್ನೆಲ್ಲ ಓಣಿಯ ಬೆಕ್ಕುಗಳು ಹೊತ್ತೊಯ್ದಿದ್ದವು. ಈ ಸಲದ ಮರಿಗಳನ್ನಾದರೂ ಉಳಿಸಿಕೊಳ್ಳಬೇಕೆಂದು ಅವರ ಹಟ.

"ನಾಕ ಕಟ್ಟಿಗಿ, ಒಂದೀಟ ಜಾಳಿ ತಂದ ಬಡೀರಿ, ಮುಗೀತು" ಎಂದರು.

"ಕಟ್ಟಿಗಿ ಬಡ್ಯಾಂವ ಬ್ಯಾರೆ. ನಾ ಮೇಸ್ತ್ರಿ" ಎಂದರು ಮಾವ.

ನಾನು ಕೂಕಟ್‌ಪಲ್ಲಿಯ ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೇನೆ. ಭಾನುವಾರ ಅತ್ತೆಯ ರೊಟ್ಟಿ ತಪ್ಪಿಸುವವನಲ್ಲ. ಮರುವಾರ ಹೋದರೆ ಹಿತ್ತಲಲ್ಲಿ ಮೊಣಕಾಲುದ್ದದ ನಾಲ್ಕು ಗುಂಡಿ! ಬುನಾದಿಯಂತೆ.

"ಮಾವಾ, ಇದು ಕೋಳಿಗೇ ಹೌದಲ್ರಿ?"

"ಭೂಮಿ ಅಳಗ್ಯಾಡಿದ್ರ ಇದು ಕೋಳಿ, ಇಂವ ಮನಷ್ಯಾ ಅಂತ ನೋಡಿ ಅಳಗ್ಯಾಡತೈತೇನು?"



ಮತ್ತೆರಡು ವಾರದಲ್ಲಿ ಕಂಬ ಎದ್ದವು, ಗೋಡೆ ಬಂತು, ಮೇಲೆ ಸ್ಲ್ಯಾಬನ್ನೂ ಹಾಕಿದ್ದಾಯಿತು. ಸ್ಲ್ಯಾಬಿನ ನಾಲ್ಕು ಮೂಲೆಯಲ್ಲೂ ಕಬ್ಬಿಣದ ಸಲಾಕೆಗಳು ಆಕಾಶಕ್ಕೆ ಮುಖಮಾಡಿ ನಿಂತಿದ್ದವು. ಇವು ಯಾಕೆಂದು ಕೇಳಿದೆ.

"ಅಳಿಯಾ, ಸಂಸಾರ ಬೆಳೀತೈತಿ. ನಾಳಿ ಮ್ಯಾಲೊಂದ ಅಂತಸ್ತ ಬೇಕಾದ್ರ?"

"ಲಿಫ್ಟಿಗಿ ಜಾಗಾ ಬಿಟ್ಟಾರೇನ ಕೇಳಪಾ" ಎಂದರು ಅತ್ತೆ ಒಳಗಿನಿಂದ.

ಅಷ್ಟರಲ್ಲಿ ಮಾವ ದೃಷ್ಟಿಯಾಗದಿರಲೆಂದು ಬೂದುಗುಂಬಳವನ್ನೂ ಕಟ್ಟಿಬಿಟ್ಟರು. ಪಕ್ಕದ ಮನೆಯ ತೆಲುಗು ಹೆಂಗಸು ಕಾಂಪೌಂಡಿನ ಮೇಲಿಂದ ಇಣುಕಿ "ಎವರಿಕಿ ಕಿರಾಯಿಕಿ ಇಸ್ತುನ್ನಾರು?" ಎಂದು ವಿಚಾರಿಸಿದಳು. ಯಾರಿಗೆ ಬಾಡಿಗೆಗೆ ಕೊಡುತ್ತೀರಿ ಅಂತ! ಮಾವನಿಗೆ ಸಿಟ್ಟೇನೂ ಬರಲಿಲ್ಲ. ಗಾಳಿ ಬೆಳಕು ಹೇಗಿದೆಯೆಂದು ಕರೆದು ತೋರಿಸಿದರು.

ನಿಜವಾದ ಪೇಚಾಟ ಶುರುವಾದದ್ದು ಆಮೇಲೆ. ಸ್ಲ್ಯಾಬಿನ ಮೇಲೆ ಮಣ್ಣಿನ ಕಟ್ಟೆ ಕಟ್ಟಿ, ನೀರು ನಿಲ್ಲಿಸಿ, ಇಪ್ಪತ್ತೊಂದು ದಿನ ಕ್ಯೂರಿಂಗ್ ಎಂದು ಮಾವ ಘೋಷಿಸಿದರು. ಅಲ್ಲಿಯವರೆಗೆ ಕೆಳಗೆ ಆನಿಸಿದ ಮರದ ಕಂಬಗಳನ್ನು ಯಾರೂ ಮುಟ್ಟುವಂತಿಲ್ಲ. ಕೆಂಪು ಹೇಂಟೆ ಇದನ್ನೆಲ್ಲ ಕಾಯುತ್ತದೆಯೇ? ಸ್ಲ್ಯಾಬು ಹಾಕುವ ಎರಡು ದಿನ ಮೊದಲೇ ಅದು ಬಚ್ಚಲಿನ ಮೂಲೆಯ ಬುಟ್ಟಿಯಲ್ಲಿ ಹನ್ನೊಂದು ಮೊಟ್ಟೆಗಳ ಮೇಲೆ ಕಾವಿಗೆ ಕುಳಿತಿತ್ತು. ಆ ಬಚ್ಚಲಿಗೋ ಬಾಗಿಲಿಲ್ಲ, ಬರೀ ಪರದೆ, ಮೇಸ್ತ್ರಿಯ ಮನೆಯಲ್ಲವೇ! ಮೊಟ್ಟೆ ನೆನೆಯಬಾರದೆಂದು ಮನೆಯವರಿಗೆಲ್ಲ ಅರ್ಧ ಕೊಡದಲ್ಲೇ ಸ್ನಾನ. ಮಾವನಂತೂ ಹೇಂಟೆಗೆ ಬೆನ್ನು ಮಾಡಿ ನಿಂತು, ಅವಸರದಲ್ಲಿ ಮುಗಿಸಿ ಬರುತ್ತಿದ್ದರು.

"ಕೋಳಿ ಇಪ್ಪತ್ತೊಂದ ದಿನದಾಗ ಜೀವಾನ ಮಾಡಿ ಕೊಡತೈತಿ. ನಿಮ್ಮ ಸ್ಲ್ಯಾಬಿಗಿ ಬರೇ ಗಟ್ಟಿ ಆಗಾಕ ಅಷ್ಟ ದಿನಾ ಬೇಕೇನ್ರಿ?" ಎಂದರು ಅತ್ತೆ.

"ದೊಡ್ಡ ದೊಡ್ಡ ಇಂಜಿನಿಯರ್ ಕೈ ಮುಗದ್ರೂ ನಾ ಒಂದ ದಿನಾ ಕಮ್ಮಿ ಮಾಡಿಲ್ಲ."

"ಹಂಗಾರ ಬೆಕ್ಕಿಗಿ ಹೇಳಿ ಬರ್ರಿ, ಎರಡ ದಿನಾ ತಡದ ಬಾ ಅಂತ."

ಆ ಭಾನುವಾರ ನಾನು ಹೋದಾಗ ಬಚ್ಚಲಿನಿಂದ ಚಿಂವ್ ಚಿಂವ್ ಕೇಳಿಸುತ್ತಿತ್ತು. ಒಂಬತ್ತು ಮರಿ. ಒಂದೆರಡು ಆಗಲೇ ಪರದೆಯ ಕೆಳಗಿನಿಂದ ಇಣುಕುತ್ತಿದ್ದವು. ಕಾಂಪೌಂಡಿನ ಮೇಲೆ ಎರಡು ಬೆಕ್ಕುಗಳು ಪಂಕ್ತಿಯಲ್ಲಿ ಜಾಗ ಹಿಡಿದ ಹಾಗೆ ಕುಳಿತಿದ್ದವು. ಅತ್ತೆ ಮರಿಗಳನ್ನು ಬುಟ್ಟಿಗೆ ತುಂಬಿಕೊಂಡು ಸೆರಗು ಮುಚ್ಚಿದರು. ಮಾವ ಸ್ಲ್ಯಾಬನ್ನು ನೋಡಿದರು, ಅತ್ತೆಯನ್ನು ನೋಡಿದರು. ಆಮೇಲೆ ಸುತ್ತಿಗೆ ತಂದು ಆನಿಸಿದ್ದ ಕಂಬಗಳನ್ನು ಒಂದೊಂದಾಗಿ ಬಡಿದು ಕೆಡವಿದರು, ಹಲಗೆ ಎಳೆದು ಹಾಕಿದರು.

ನಾನು ಬುಟ್ಟಿಗೆ ಕೈ ಹಾಕಿದೆ. "ತಡಿ" ಎಂದ ಮಾವ ತಾವೇ ತೆವಳಿಕೊಂಡು ಗೂಡಿನೊಳಗೆ ಹೋಗಿ, ಗದ್ದಕ್ಕೆ ಮೊಣಕಾಲು ಹಚ್ಚಿ ಕುಳಿತುಬಿಟ್ಟರು.

"ಏನ್ ಮಾಡಾಕತ್ತೀರಿ? ಹೊರಗ ಬರ್ರಿ" ಎಂದರು ಅತ್ತೆ.

"ಇನ್ನ ಎರಡ ದಿನದ ಹಸಿ ಐತಿ. ಬೀಳೂದಿದ್ರ ಮೊದಲ ನನ್ನ ಮ್ಯಾಲ ಬೀಳ್ಲಿ."

ಅರ್ಧ ತಾಸು ಅವರು ಅಲುಗಲಿಲ್ಲ. ಅತ್ತೆ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲ ಮುಂದೆ ಕುಳಿತರು. ನನಗಷ್ಟೇ ಕೇಳುವಂತೆ ಹೇಳಿದರು: "ಎಷ್ಟ ಕಟ್ಟಡದ ಬುಡಕ ತಗಡಿನ ಶೆಡ್ಡಿನಾಗ ಇದ್ವೋ ಯಪ್ಪಾ. ಎಲ್ಲಾ ಕಡಿ ಕೋಳಿ ಇಟ್ಟೆ. ಮರಿ ರೆಕ್ಕಿ ಬಡಿಯೂದರಾಗ ಕೆಲಸ ಮುಗದ ಲಾರಿ ಬರ್ತಿತ್ತು. ಅಲ್ಲೇ ಯಾರಿಗರೆ ಕೊಟ್ಟು ಹತ್ತಿ ಬರ್ತಿದ್ದೆ. ನನ್ನ ಕೈಯಾಗಿನ ಮರಿ ದೊಡ್ಡದಾಗಿ ತತ್ತಿ ಇಡೂದು ಒಮ್ಮೆನೂ ನೋಡಿಲ್ಲ. ಇವರಿಗಿ ಹೇಳಿಲ್ಲ ನಾ."

ಗೂಡಿನೊಳಗಿನಿಂದ ಮಾವನ ದನಿ: "ಹೇಳೂದೇನೈತಿ. ಲಾರ್‍ಯಾಗ ನಾ ನಿನ್ನ ಬಾಜೂಕ ಕುಂತಿರ್ತಿದ್ದಿಲ್ಲೇನು? ಆ ಮರಿ ಇತ್ತ ಕೊಡು."

ಸಿಮೆಂಟಿಗೆ ಬಿರುಕುಬಿಟ್ಟ ಅಂಗೈ ಹೊರಗೆ ಬಂತು. ಅತ್ತೆ ಮೊದಲ ಮರಿಯನ್ನು ಅದರಲ್ಲಿಟ್ಟರು. ಬೆರಳುಗಳು ಎಷ್ಟು ಮೆಲ್ಲಗೆ ಮುಚ್ಚಿಕೊಂಡವೆಂದರೆ, ಮರಿ ಚಿಂವ್‌ಗುಟ್ಟುವುದನ್ನೂ ನಿಲ್ಲಿಸಲಿಲ್ಲ.