ಹಿತ್ತಾಳೆ ಲಾಟೀನಿಗಾಗಿ ಒಂದು ಗಂಟೆ ಮೌನ

"ಇವತ್ತು ಹತ್ತರಿಂದ ಹನ್ನೊಂದರವರೆಗೆ ಈ ಮನೇಲಿ ಒಂದು ಇರುವೆ ಕೂಡ ಹೆಜ್ಜೆ ಸಪ್ಪಳ ಮಾಡಕೂಡದು!"

ಬಸವೇಶ್ವರನಗರದ ಬಾಡಿಗೆ ಮನೆಯ ನಡುಮನೆಯಲ್ಲಿ, ಲುಂಗಿ ಎತ್ತಿ ಕಟ್ಟಿಕೊಂಡು ಏಕಾಂತಯ್ಯನವರು ಈ ರಾಜಾಜ್ಞೆ ಹೊರಡಿಸಿದಾಗ ಅವರ ಸಾಮ್ರಾಜ್ಯದಲ್ಲಿದ್ದ ಪ್ರಜೆಗಳು ಇಬ್ಬರೇ. ಒಬ್ಬರು ಹೆಂಡತಿ ಜಗದಾಂಬಾ. ಇನ್ನೊಬ್ಬರು ವಾರದಿಂದ ಕೆಮ್ಮುತ್ತಿದ್ದ ತಾಯಿ ಶಿವಗಂಗಮ್ಮ.

ಆಜ್ಞೆಗೆ ಕಾರಣವಿತ್ತು. ಏಕಾಂತಯ್ಯನವರು ಈಗ ಕಾರ್ಖಾನೆಯೊಂದರ ಸ್ಟೋರ್ ಕೀಪರ್ ಆಗಿದ್ದರೇನಂತೆ, ಕಾಲೇಜಿನಲ್ಲಿ ಹೆಗಲು ಮುಟ್ಟುವ ಕೂದಲು ಬಿಟ್ಟು 'ಬ್ರಾಸ್ ಲ್ಯಾಂಟರ್ನ್' ಎಂಬ ಇಂಗ್ಲೆಂಡಿನ ರಾಕ್ ತಂಡಕ್ಕೆ ಭಕ್ತರಾಗಿದ್ದವರು. ಶಿವಗಂಗಮ್ಮನ ಬಾಯಲ್ಲಿ ಅದು 'ಆ ಹಿತ್ತಾಳೆ ಲಾಟೀನು'. ತಂಡದ ನಾಲ್ವರು ಜಗಳವಾಡಿ ಬೇರೆಯಾದ ಸುದ್ದಿ ಬಂದ ದಿನ ಇವರು ಎರಡು ಹೊತ್ತು ಊಟ ಬಿಟ್ಟಿದ್ದರು. ಹನ್ನೆರಡು ವರ್ಷದ ಮೇಲೆ, ಈಗ ಎಂಬತ್ತೈದನೇ ಇಸವಿಯಲ್ಲಿ, ಆ ನಾಲ್ವರೂ ರಾಜಿಯಾಗಿ ಒಂದೇ ವೇದಿಕೆ ಹತ್ತಿ ಹಾಡಿಬಿಟ್ಟಿದ್ದರು! ಆ ಕಛೇರಿಯ ಕ್ಯಾಸೆಟ್ಟು ಬೆಂಗಳೂರಿನ ಯಾವ ಅಂಗಡಿಗೂ ಇನ್ನೂ ಬಂದಿರಲಿಲ್ಲ. ಸಹೋದ್ಯೋಗಿ ಉಗ್ರಪ್ಪನ ಬಾವಮೈದ ದುಬೈಯಿಂದ ಒಂದನ್ನು ತಂದಿದ್ದ. ಅವನೂ ಅದೂ ಇವತ್ತು ಮಧ್ಯಾಹ್ನವೇ ವಾಪಸು.

"ಹನ್ನೊಂದಕ್ಕೆ ಬಂದು ಇಸ್ಕೊಂಡ್ ಹೋಗ್ತೀನಿ ಗುರು. ಕಾಪಿ ಮಾಡ್ಕೊಂಡ್ರೆ ಮಾಡ್ಕೋ, ಇಲ್ದಿದ್ರೆ ಜನ್ಮದಲ್ಲಿ ಸಿಗಲ್ಲ" ಎಂದು ಹೇಳಿಯೇ ಉಗ್ರಪ್ಪ ಕೊಟ್ಟಿದ್ದ.

ಕಾಪಿ ಮಾಡುವ ವಿಧಾನ ಆಗ ನಮ್ಮಂಥವರ ಮನೆಯಲ್ಲೆಲ್ಲ ಒಂದೇ. ಎರಡು ಟೇಪ್ ರೆಕಾರ್ಡರುಗಳನ್ನು ಬೀಗರಂತೆ ಎದುರುಬದುರು ಕೂರಿಸುವುದು, ಒಂದರಲ್ಲಿ ಹಾಡು ಹಾಕುವುದು, ಇನ್ನೊಂದರ ಕೆಂಪು ಗುಂಡಿ ಒತ್ತುವುದು. ಹಾಡಿನ ಜೊತೆಗೆ ಮನೆಯ ಸದ್ದೆಲ್ಲ ಒಳಗೆ ಸೇರಿಕೊಳ್ಳುತ್ತದೆ. ಹಿಂದಿನ ಸಲದ ಕಾಪಿಯಲ್ಲಿ ಗಿಟಾರಿನ ನಡುವೆ ಕುಕ್ಕರು ಮೂರು ಸಲ ಕೂಗಿ, ಜಗದಾಂಬಾ "ರೀ, ಹಾಲು ಉಕ್ತು!" ಎಂದು ಹಾಡಿದ್ದರು. ಉಗ್ರಪ್ಪ ಅದನ್ನು ಸ್ಟೋರಿನಲ್ಲಿ ಎಲ್ಲರಿಗೂ ಹೇಳಿಕೊಂಡು ನಕ್ಕಿದ್ದ.

"ಈ ಸಲ ಒಂದು ಸೊಳ್ಳೆ ಸದ್ದು ಕೇಳಿಸಿದ್ರೂ ನನ್ನ ಹೆಸರು ಬದಲಾಯಿಸ್ಕೋತೀನಿ ಕಣೋ!" ಎಂದು ಏಕಾಂತಯ್ಯನವರು ಎದೆ ತಟ್ಟಿಕೊಂಡಿದ್ದರು.

ಆದ್ದರಿಂದ ಕಿಟಕಿಗಳಿಗೆ ಕಂಬಳಿ ಬಿತ್ತು. ಗೋಡೆ ಗಡಿಯಾರ ನಿಂತಿತು. ತೊಟ್ಟಿಕ್ಕುವ ನಲ್ಲಿಗೆ ಬಟ್ಟೆ ಸುತ್ತಿದ್ದಾಯಿತು.

"ಸ್ಟೋವ್ ಆದ್ರೂ ಹಚ್ಚಲಾ?" ಜಗದಾಂಬಾ ಕೇಳಿದರು.

"ಬೇಡ! ಭರ್ರೋ ಅನ್ನುತ್ತೆ ಅದು."

"ಮತ್ತೆ ತಿಂಡಿ?"

"ಒಂದು ಗಂಟೆ ತಿಂಡಿ ಇಲ್ದಿದ್ರೆ ಯಾರೂ ಸಾಯಲ್ಲ ಕಣೇ!"

"ಕೆಮ್ಮು ಬಂದ್ರೆ ನಾನೇನ್ ಮಾಡ್ಲೋ?" ಎಂದರು ಶಿವಗಂಗಮ್ಮ.

"ಬಾಯ್ತುಂಬ ಕಲ್ಲುಸಕ್ಕರೆ ಇಟ್ಕೊಂಡು ಹಿಂದಿನ ಕೋಣೇಲಿ ಮಲಕ್ಕೋ ಅವ್ವ. ನಿನ್ನ ಕಾಲಿಗೆ ಬೀಳ್ತೀನಿ."

ಸರಿಯಾಗಿ ಹತ್ತಕ್ಕೆ ಕೆಂಪು ಗುಂಡಿ ಕೆಳಗಿಳಿಯಿತು. ಎರಡು ನಿಮಿಷವೂ ಆಗಿರಲಿಲ್ಲ, ಬೀದಿಯ ಕೊನೆಯಿಂದ "ಸೊಪ್ಪೋ, ದಂಟಿನ ಸೊಪ್ಪೋ!" ಎಂಬ ಹನುಮಕ್ಕನ ಕೂಗು! ಅವಳು ಬಾಗಿಲಿಗೇ ಬಂದು ಕೂಗಿದರೆ ಆ ಗಂಟಲಿನ ಮುಂದೆ ಕಂಬಳಿ ಯಾವ ಲೆಕ್ಕ? ಏಕಾಂತಯ್ಯನವರು ಕಣ್ಣಲ್ಲೇ ಕೈಮುಗಿದರು. ಜಗದಾಂಬಾ ತುದಿಗಾಲಲ್ಲಿ ಗೇಟಿಗೆ ಓಡಿದರು.

"ಯಾಕವ್ವಾ, ಕಿಟಕಿಗೆಲ್ಲ ಕಂಬಳಿ ಹಾಕಿದ್ದೀರಾ? ಅಜ್ಜಮ್ಮ ಹೆಂಗವ್ರೆ?"

ಜಗದಾಂಬಾ ತುಟಿಯ ಮೇಲೆ ಬೆರಳಿಟ್ಟರು. ಒಳಕ್ಕೆ ಕೈ ತೋರಿಸಿ, ತಲೆ ವಾಲಿಸಿ, ಕಣ್ಣು ಮುಚ್ಚಿ ಮಲಗಿದ್ದಾರೆ ಎಂದು ಅಭಿನಯಿಸಿದರು. ಸೊಪ್ಪಿನ ಕಡೆ ಬೇಡವೆಂದು ಕೈಯಾಡಿಸಿ, ಪಿಸುಮಾತಿನಲ್ಲಿ, "ಇವತ್ತು ಒಲೆ ಹಚ್ಚಿಲ್ಲ ಹನುಮಕ್ಕ" ಎಂದರು.

ಒಲೆ ಹಚ್ಚಿಲ್ಲ! ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ ಎಂಬುದನ್ನು ಹನುಮಕ್ಕನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ಎದುರುಮನೆಯ ಮುನಿವೆಂಕಟಪ್ಪನವರ ಬಾಗಿಲು ಬಡಿದಳು. ಬಾಗಿಲು ಹಾಕಿಕೊಂಡು ಅಡುಗೆಮನೆ ಸೇರಿದ ಜಗದಾಂಬಾ ಅದನ್ನು ನೋಡಲಿಲ್ಲ.

ಏಕಾಂತಯ್ಯನವರಂತೂ ಈ ಲೋಕದಲ್ಲೇ ಇರಲಿಲ್ಲ. ಸಾವಿರಾರು ಜನ ಹೋ ಎಂದರು. ಡ್ರಮ್ಮು ಗುಡುಗಿತು. ಹನ್ನೆರಡು ವರ್ಷ ಮುಖ ನೋಡದಿದ್ದ ಇಬ್ಬರು ಗಾಯಕರು ಒಂದೇ ಮೈಕಿನ ಮುಂದೆ ಬಾಯಿ ತೆರೆದರು! ಏಕಾಂತಯ್ಯನವರು ಕಣ್ಣು ಮುಚ್ಚಿದವರು ಮುಚ್ಚಿಯೇಬಿಟ್ಟರು. ಅವರ ಉದ್ದ ಕೂದಲು ವಾಪಸು ಬಂದಿತ್ತು, ಹೊಟ್ಟೆ ಕರಗಿತ್ತು. ನಡುವೆ ಕ್ಯಾಸೆಟ್ಟು ತಿರುಗಿಸಿ ಹಾಕಿದ್ದೂ ಕನಸಿನಲ್ಲಿ ಹಾಕಿದ ಹಾಗಿತ್ತು. ಕೊನೆಗೆ ಗುಂಡಿ ಟಕ್ಕೆಂದು ಮೇಲೆದ್ದಾಗ ಮನೆಯಲ್ಲಿ ಒಂದು ಕೆಮ್ಮಿಲ್ಲ, ಒಂದು ಪಾತ್ರೆಯ ಸದ್ದಿಲ್ಲ. ಗೆದ್ದೆ ಎಂದುಕೊಂಡು, ಉಗ್ರಪ್ಪನನ್ನು ಎದುರುಗೊಳ್ಳಲು ಮೀಸೆ ತಿರುವುತ್ತ ಬಾಗಿಲು ತೆಗೆದರು.

ಅಂಗಳದ ತುಂಬ ಜನ! ಮೂವತ್ತಕ್ಕೆ ಕಡಿಮೆಯಿಲ್ಲ. ಮುನಿವೆಂಕಟಪ್ಪನವರ ಕೈಯಲ್ಲಿ ಸೇವಂತಿಗೆ ಹಾರ. ಹನುಮಕ್ಕ ಮೂಗು ಒರೆಸಿಕೊಳ್ಳುತ್ತಿದ್ದಳು. ಉಗ್ರಪ್ಪ ಓಡಿಬಂದು ತಬ್ಬಿಕೊಂಡ.

"ಸಮಾಧಾನ ಮಾಡ್ಕೋ ಗುರು. ಇಷ್ಟೊಂದು ಅಳಬಾರದು."

"ಯಾರೋ ಅತ್ತಿದ್ದು?"

"ನೀವೇ ಸಾರ್" ಎಂದರು ಮುನಿವೆಂಕಟಪ್ಪನವರು ಮೆಲ್ಲಗೆ. "ಒಂದು ಗಂಟೆಯಿಂದ ಕೇಳ್ತಾ ಇದೀವಿ. ಕರುಳು ಕಿತ್ತು ಬರ್ತಿತ್ತು. ಬಾಗಿಲು ತಟ್ಟೋಣ ಅಂದ್ರೆ ಹನುಮಕ್ಕ, ಅತ್ತು ಮುಗಿಸ್ಲಿ ಬಿಡಿ ಅಂದ್ಳು. ತಮಟೆಯವ್ರು ಬೇರೆ ಆಗ್ಲೇ ಒಳಗೆ ಬಂದಂಗಿತ್ತು."

ಅಷ್ಟರಲ್ಲಿ ಕಲ್ಲುಸಕ್ಕರೆ ಮುಗಿದು, ಕೆಮ್ಮುತ್ತ ಶಿವಗಂಗಮ್ಮನೇ ಹೊಸ್ತಿಲಿಗೆ ಬಂದರು. ಹನುಮಕ್ಕನ ಬುಟ್ಟಿ ನೆಲ ಕಂಡಿತು. ಇಬ್ಬರು ಗೇಟು ಹಾರಿದರು. ಮುನಿವೆಂಕಟಪ್ಪನವರು ಹಾರವನ್ನು ಬೆನ್ನ ಹಿಂದೆ ಬಚ್ಚಿಟ್ಟರು.

"ಯಾರೇ ಹನುಮಕ್ಕ ಸತ್ತಿದ್ದು?" ಎಂದು ಕೇಳಿದರು ಶಿವಗಂಗಮ್ಮ.

ಹನುಮಕ್ಕ ಬಗ್ಗಿ ಚೆಲ್ಲಿದ ಸೊಪ್ಪು ಆರಿಸತೊಡಗಿದಳು. ಏಕಾಂತಯ್ಯನವರ ಎದೆಯಲ್ಲಿ ಮಾತ್ರ ಬೇರೆಯೇ ಡ್ರಮ್ಮು ಶುರುವಾಗಿತ್ತು. ಒಳಗೆ ಓಡಿ ಕಾಪಿಯನ್ನು ಹಿಂದಕ್ಕೆ ಸುತ್ತಿ ಗುಂಡಿ ಒತ್ತಿದರು. ಅರ್ಧ ಬೀದಿ ಅವರ ಹಿಂದೆಯೇ ಒಳಗೆ ಬಂತು.

ಕುಕ್ಕರಿಲ್ಲ. ಕೆಮ್ಮಿಲ್ಲ. ಸೊಳ್ಳೆಯೂ ಇಲ್ಲ. ಸಾವಿರಾರು ಜನರ ಹರ್ಷೋದ್ಗಾರ, ಅದರ ಮೇಲೆ, ಅದನ್ನೂ ಮುಳುಗಿಸುವಂತೆ, ಮೈಕಿಗೆ ಬಾಯಿ ಹಚ್ಚಿದಂಥ ಒಂದು ಗಂಟಲು: "ಅಯ್ಯೋ! ಅಯ್ಯಯ್ಯಪ್ಪಾ! ನನ್ನಪ್ಪಂದಿರಾ, ಹನ್ನೆರಡು ವರ್ಷ ಆಯ್ತಲ್ರೋ! ಓ... ಓ... ಓಓಓ!" ಗಾಯಕರು ಒಂದು ದಾರಿ, ಈ ಗಂಟಲು ಇನ್ನೊಂದು ದಾರಿ. ಹಾಡು ಮುಗಿದರೂ ಗಂಟಲು ಮುಗಿಯಲಿಲ್ಲ.

"ನಾನಾ? ನಾನು ಬಾಯೇ ಬಿಟ್ಟಿಲ್ವಲ್ಲೇ!"

"ಅಡುಗೆಮನೆ ಬಾಗಿಲಲ್ಲಿ ನಿಂತು ಕೈಸನ್ನೆ ಮಾಡಿ ಮಾಡಿ ನನ್ನ ರಟ್ಟೆ ಬಿದ್ದೋಯ್ತು. ನೀವು ಕಣ್ಣು ಬಿಟ್ರೆ ತಾನೆ!" ಎಂದರು ಜಗದಾಂಬಾ.

"ಬಾಯಲ್ಲಿ ಹೇಳಬಾರದಿತ್ತೇನೇ?"

"ಒಂದು ಇರುವೆ ಕೂಡ ಅಂದಿದ್ದು ಯಾರು?"

ಉಗ್ರಪ್ಪ ದುಬೈ ಕ್ಯಾಸೆಟ್ಟನ್ನು ಜೇಬಿಗಿಳಿಸಿದ. "ಬಾವಮೈದ ಕಾಯ್ತಾ ಇರ್ತಾನೆ, ಬರ್ತೀನಿ. ಹೊಸ ಹೆಸರು ಏನಿಟ್ಕೊಂಡೆ ಅಂತ ನಾಳೆ ಸ್ಟೋರಲ್ಲಿ ಹೇಳು ಗುರು" ಎಂದು ಹೊರಟೇಹೋದ.

ಏಕಾಂತಯ್ಯನವರಿಗೆ ಈಗ ನಿಜವಾಗಿ ಅಳು ಬಂತು. ಟೇಪಿನಿಂದ ಕ್ಯಾಸೆಟ್ಟು ಕಿತ್ತು ಬಾಗಿಲಾಚೆ ಎಸೆಯಲು ಕೈ ಎತ್ತಿದರು. ಶಿವಗಂಗಮ್ಮ ಆ ಕೈ ಹಿಡಿದು, ಕ್ಯಾಸೆಟ್ಟನ್ನು ಬಿಡಿಸಿಕೊಂಡು, ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡರು.

"ಎಸೀಬ್ಯಾಡ ಕಣೋ, ಇದು ನನ್ನ ಪೆಟ್ಟಿಗೇಲಿರ್ಲಿ. ನಾನು ಹೋದ ದಿನ ಮರೀದೆ ಹಾಕ್ರಿ. ನನಗೋಸ್ಕರ ಇವನು ಇಷ್ಟು ಚೆನ್ನಾಗಿ ಅಳ್ತಾನೆ ಅಂತ ನಂಗೆ ನಂಬಿಕೆ ಇಲ್ಲ!"